ಒಂದು ಮೊಳ ಮುಂದಕ್ಕೆ ಗುರಿ

ದೂರು ಗುಮಾಸ್ತರು ಗುರಿಯಿಟ್ಟ ಯಾವ ವಸ್ತುವಿಗೂ ಅವರಿಂದ ಅಪಾಯವಾದ ದಾಖಲೆ ಅಲ್ಲಿಯವರೆಗೆ ಇರಲಿಲ್ಲ. ಅವರು ಉಂಡೆ ಮಾಡಿ ಎಸೆದ ಕಾಗದ ಕಸದ ಬುಟ್ಟಿಯ ಸುತ್ತಮುತ್ತ ಬೀಳುತ್ತಿತ್ತೇ ಹೊರತು ಬುಟ್ಟಿಯೊಳಗೆ ಬೀಳುತ್ತಿರಲಿಲ್ಲ. ಬೀಗದ ಕೈ ಬೀಗದ ಎಡಕ್ಕೂ ಬಲಕ್ಕೂ ಎರಡೆರಡು ಸಲ ಹೋಗಿ ವಿಚಾರಿಸಿಕೊಂಡು ಬಂದು ಐದನೆಯ ಸಲಕ್ಕೆ ಒಳಗೆ ಹೋಗುತ್ತಿತ್ತು. ಒಮ್ಮೆ ಜಿರಲೆಗೆಂದು ಬೀಸಿದ ಚಪ್ಪಲಿ ಗೋಡೆ ಗಡಿಯಾರಕ್ಕೆ ತಗುಲಿ ಗಡಿಯಾರ ಹತ್ತೂಕಾಲಿಗೆ ಪ್ರಾಣ ಬಿಟ್ಟಿತು. ಜಿರಲೆ ಮಾತ್ರ ಅದರ ಕೆಳಗೆ ನಿಂತು ಮೀಸೆ ತೀಡಿಕೊಳ್ಳುತ್ತಿತ್ತು.

ಇಂಥ ಗುಮಾಸ್ತರು ತಮ್ಮ ನಲವತ್ತೇಳನೆಯ ವಯಸ್ಸಿನಲ್ಲಿ ಯುದ್ಧವಿಮಾನದ ಪೈಲಟ್ ಆದರು.

ಇದಕ್ಕೆ ಕಾರಣ ಅವರ ಹೆಂಡತಿಯ ತಮ್ಮ. ಅವನು ಕಂಪ್ಯೂಟರ್ ರಿಪೇರಿ ಮಾಡುವವನು. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಕೂತು, ನೀರು ಬರಲಿಲ್ಲ ಎನ್ನುವವರಿಂದಲೂ ಬಂದ ನೀರು ಕಂದು ಬಣ್ಣದ್ದು ಎನ್ನುವವರಿಂದಲೂ ಸಮನಾಗಿ ಬೈಸಿಕೊಂಡ ಭಾವನ ಮುಖ ನೋಡಿ ಅವನಿಗೆ ಕನಿಕರ ಹುಟ್ಟಿತು.

"ಭಾವ, ಎಷ್ಟು ದಿನ ಅಂತ ಬೇರೆಯವರ ಕೈಲಿ ಹೊಡೆಸಿಕೊಳ್ತೀರಿ? ಸ್ವಲ್ಪ ನೀವೂ ಯಾರಿಗಾದ್ರೂ ಹೊಡೀರಿ," ಎಂದು ಹೇಳಿ ಮನೆಯ ಕಂಪ್ಯೂಟರಿಗೆ ವಿಮಾನ ಯುದ್ಧದ ಆಟವೊಂದನ್ನು ತುಂಬಿ, ಕಾರಿನ ಗೇರಿನ ಹಿಡಿಕೆಯಂಥ ಜಾಯ್‌ಸ್ಟಿಕ್ ಒಂದನ್ನು ಜೋಡಿಸಿ ಹೋದ.

ಹಳೆಯ ಕಾಲದ ವಿಮಾನಗಳು. ಮೂತಿಯಲ್ಲಿ ಫ್ಯಾನು, ಎರಡೂ ರೆಕ್ಕೆಗಳಲ್ಲಿ ನಾಲ್ಕು ನಾಲ್ಕು ಬಂದೂಕು. ಶತ್ರುವಿನ ಹಿಂದೆ ಬಿದ್ದು ಗುಂಡಿ ಒತ್ತಿದರೆ ಎಂಟೂ ಒಟ್ಟಿಗೆ ಉಗುಳುತ್ತವೆ. ಮೂರು ತಿಂಗಳಾಗುವಷ್ಟರಲ್ಲಿ ಗುಮಾಸ್ತರು ಉಗುಳಿಸಿದ ಗುಂಡುಗಳಿಂದ ಹಲವು ಮೋಡಗಳಿಗೆ, ಒಂದು ಕೆರೆಗೆ, ಮತ್ತು ತಮ್ಮದೇ ಪಡೆಯ ನಾಯಕನ ಬಾಲಕ್ಕೆ ಪೆಟ್ಟಾಯಿತು. ಶತ್ರುಗಳು ನಿಶ್ಚಿಂತೆಯಿಂದ ಹಾರಾಡಿಕೊಂಡಿದ್ದರು. ಬರಬರುತ್ತಾ ಅವರಲ್ಲಿ ಕೆಲವರು ಗುಮಾಸ್ತರ ವಿಮಾನ ಕಂಡರೆ ರೆಕ್ಕೆ ಅಲ್ಲಾಡಿಸಿ ನಮಸ್ಕಾರ ಮಾಡುವಷ್ಟು ಸಲುಗೆ ಬೆಳೆಯಿತು.

ಕೊನೆಗೆ ಗುಮಾಸ್ತರು ಕಂಪ್ಯೂಟರಿನಲ್ಲೇ ಒಬ್ಬ ದಪ್ಪ ಮೀಸೆಯ ತರಬೇತುದಾರನನ್ನು ಹುಡುಕಿಕೊಂಡರು. ಅವನ ಪಾಠಗಳನ್ನು ನೋಡಿ ನೋಡಿ, ಕಚೇರಿಯಿಂದ ತಂದ ಹಾಳೆಯ ಮೇಲೆ ಕ್ರಮಸಂಖ್ಯೆ ಹಾಕಿ ಬರೆದುಕೊಂಡರು. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಬಾ, ಶತ್ರುವಿನ ಕಣ್ಣು ಕುಕ್ಕಲಿ. ಅವನ ಹಿಂದುಗಡೆಯಿಂದ ಬಾ. ಮುಂದಿನ ಗಾಜಿನ ತುಂಬ ಅವನೇ ಕಾಣುವ ತನಕ ಬೆರಳು ಅಲುಗಿಸಬೇಡ. ಇವೆಲ್ಲಕ್ಕಿಂತ ಮುಖ್ಯವಾದದ್ದನ್ನು ಕೆಂಪು ಶಾಯಿಯಲ್ಲಿ ಬರೆದು ಎರಡು ಗೆರೆ ಎಳೆದರು: ಹಾರುವುದು ಈಗ ಇರುವ ಕಡೆ ಹೊಡೆಯಬೇಡ, ಗುಂಡು ಅಲ್ಲಿಗೆ ಹೋಗಿ ಸೇರುವ ಹೊತ್ತಿಗೆ ಅದು ಎಲ್ಲಿರುತ್ತದೋ ಅಲ್ಲಿಗೆ ಹೊಡೆ.

ಈ ಸತ್ಯ ಹೊಳೆದ ಸಂಜೆ ಊಟದ ಮೇಜಿನ ಮೇಲೆ ಒಂದು ಉಪನ್ಯಾಸವೇ ಆಯಿತು.

"ನೋಡು, ಈ ಉಪ್ಪಿನ ಡಬ್ಬಿ ನಾನು. ಈ ಲೋಟ ಶತ್ರು. ಲೋಟ ಎಡಗಡೆಗೆ ಓಡ್ತಾ ಇದೆ. ನಾನು ಲೋಟಕ್ಕೇ ಹೊಡೆದ್ರೆ ಏನಾಗುತ್ತೆ?"

"ಲೋಟ ಒಡೆಯುತ್ತೆ," ಎಂದಳು ಹೆಂಡತಿ. ಅವಳು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕೋಟುಗಳನ್ನು ಹೊಲಿಯುವವಳು. ಅಳತೆ ತಪ್ಪಿದ ಮಾತು ಅವಳ ಬಾಯಲ್ಲಿ ಬರುತ್ತಿರಲಿಲ್ಲ.

"ಒಡೆಯಲ್ಲ! ಗುಂಡು ಬರೋ ಹೊತ್ತಿಗೆ ಲೋಟ ಅಲ್ಲಿರೋದೇ ಇಲ್ಲ! ಒಂದು ಮೊಳ ಮುಂದಕ್ಕೆ ಹೋಗಿರುತ್ತೆ. ಅದಕ್ಕೆ ನಾನು ಈ ಚಮಚ ಇದೆಯಲ್ಲ, ಖಾಲಿ ಜಾಗ, ಇಲ್ಲಿಗೆ ಹೊಡೀಬೇಕು."

"ಆ ಶತ್ರು ಒಳಗೆ ನಾನು ಕುಡಿಯೋ ನೀರಿದೆ. ಇತ್ಲಾಗೆ ಕೊಡಿ."

ಮುಂದಿನ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಜಗತ್ತಿನ ವೈಮಾನಿಕ ಇತಿಹಾಸದಲ್ಲಿ ಯಾರೂ ಗಮನಿಸದ ಘಟನೆಯೊಂದು ನಡೆಯಿತು. ಗುಮಾಸ್ತರು ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ಇಳಿದು, ಗಾಜಿನ ತುಂಬ ಶತ್ರು ಕಾಣುವ ತನಕ ಹಲ್ಲು ಕಚ್ಚಿ ಕಾದು, ಅವನ ಮೂತಿಯಿಂದ ಒಂದು ಮೊಳ ಮುಂದಿನ ಖಾಲಿ ಆಕಾಶಕ್ಕೆ ಗುಂಡು ಹೊಡೆದರು. ಆ ಖಾಲಿ ಆಕಾಶಕ್ಕೆ ಶತ್ರು ತಾನಾಗಿಯೇ ಬಂದು ಸೇರಿಕೊಂಡ.

"ಬಿತ್ತು! ಬಿತ್ತು ಕಣೇ! ಹೊಗೆ! ಬೆಂಕಿ! ಬೆಂಕಿ ಹತ್ತಿಕೊಂಡಿತು!"

ಪಕ್ಕದ ಮನೆಯ ಟೀಚರಮ್ಮ ಮೂವತ್ತೈದು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಬೆಂಕಿ ಎಂಬ ಶಬ್ದ ಕಿವಿಗೆ ಬಿದ್ದ ನಲವತ್ತು ಸೆಕೆಂಡಿಗೆ ಅವರು ಬಕೆಟ್ ಹಿಡಿದು ಒಳಗೆ ನುಗ್ಗಿದರು.

"ಎಲ್ಲಿ? ಎಲ್ಲಿ ಬೆಂಕಿ?"

"ಆರಿಹೋಯ್ತು ಟೀಚರಮ್ಮ. ಸಮುದ್ರಕ್ಕೆ ಬಿತ್ತು," ಎಂದರು ಗುಮಾಸ್ತರು ಹೆಮ್ಮೆಯಿಂದ.

ಟೀಚರಮ್ಮ ಕೋಣೆಯನ್ನೆಲ್ಲ ನೋಡಿದರು. ಗುಮಾಸ್ತರ ಹೆಂಡತಿಯನ್ನು ನೋಡಿದರು. ಅವಳು ಹೊಲಿಗೆ ಯಂತ್ರದ ಹಿಂದಿನಿಂದ ಏನೂ ಕೇಳಬೇಡಿ ಎನ್ನುವಂತೆ ಕೈಯಾಡಿಸಿದಳು. ಟೀಚರಮ್ಮ ಏನೂ ಕೇಳದೆ ಬಕೆಟ್ ಎತ್ತಿಕೊಂಡು ಹೋದರು.

ಇಷ್ಟಕ್ಕೇ ಮುಗಿದಿದ್ದರೆ ಈ ಕಥೆಯನ್ನು ಹೇಳಬೇಕಾಗಿರಲಿಲ್ಲ. ಸೋಮವಾರ ಮಧ್ಯಾಹ್ನ ಗುಮಾಸ್ತರು ಕಚೇರಿಯ ಹಿಂದಿನ ಬೆಂಚಿನ ಮೇಲೆ ಊಟದ ಡಬ್ಬಿ ತೆರೆದು ಕೂತಿದ್ದರು. ಪಕ್ಕದಲ್ಲಿ ನೀರುಗಂಟಿ ಬರಿತಲೆಯಲ್ಲಿ ಕೂತಿದ್ದ. ನೀರುಗಂಟಿಯ ಕೆಲಸ ಟ್ಯಾಂಕುಗಳ ವಾಲ್ವ್ ತಿರುಗಿಸಿ ಬೀದಿಬೀದಿಗೂ ನೀರು ಬಿಡುವುದು. ಅವನು ಠೀವಿಯ ಆಸಾಮಿ. ಅಂದಿನವರೆಗೆ ಟೋಪಿಯಿಲ್ಲದೆ ಅವನನ್ನು ಯಾರೂ ನೋಡಿದವರಿರಲಿಲ್ಲ.

"ನಾಲ್ಕನೇ ಟೋಪಿ ಹೋಯ್ತು ಗುಮಾಸ್ತರೇ," ಎಂದ ಅವನು ಅಳುವ ದನಿಯಲ್ಲಿ. "ದೊಡ್ಡ ಟ್ಯಾಂಕಿನ ಮೇಲೆ ಒಂದು ಹದ್ದು ಗೂಡು ಕಟ್ಟಿದೆ. ಏಣಿ ಹತ್ತಿದ್ರೆ ಸಾಕು, ಎಲ್ಲಿಂದಾನೋ ಬಂದು ಫಟ್ ಅಂತ ತಲೆಗೆ ಕುಕ್ಕುತ್ತೆ. ಟೋಪಿ ಕಿತ್ಕೊಂಡು ಹೋಗುತ್ತೆ. ಮೇಲೆ ಪೈಪಿನ ಬಾಯಿ ಮುಚ್ಚೋ ತೇಲೋ ಉಂಡೆ ಸಿಕ್ಕಿಹಾಕ್ಕೊಂಡಿದೆ, ಅದನ್ನ ಬಿಡಿಸದೆ ಇದ್ರೆ ಟ್ಯಾಂಕಿಗೆ ನೀರು ಹತ್ತಲ್ಲ. ನಾನಂತೂ ಹತ್ತೋನಲ್ಲ. ಹಾರೋದನ್ನ ಯಾರು ತಾನೆ ಹೊಡೆಯೋಕಾಗುತ್ತೆ?"

"ಯಾಕಾಗಲ್ಲ? ನಿನ್ನೆ ತಾನೆ ಒಂದನ್ನ ಹೊಡೆದು ಉರುಳಿಸಿದೆ," ಎಂದರು ಗುಮಾಸ್ತರು.

ನೀರುಗಂಟಿಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಹಾರ್ತಾ ಇರೋದನ್ನಾ?"

"ಹಾರ್ತಾ ಇರೋದನ್ನೇ. ಕೂತಿದ್ದನ್ನ ಹೊಡೆಯೋದು ಏನು ಮಹಾ? ಸೂರ್ಯನ ಕಡೆಯಿಂದ ಬಂದೆ, ಹಿಂದೆ ಬಿದ್ದೆ, ಒಂದು ಮೊಳ ಮುಂದಕ್ಕೆ ಗುರಿ ಇಟ್ಟೆ. ಒಂದೇ ಏಟು. ಹೊಗೆ."

ಹೊಗೆ ಎಂದ ಕೂಡಲೇ ನೀರುಗಂಟಿಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಅದು ಆಟ ಕಣಯ್ಯ ಎಂಬ ಮಾತು ಗುಮಾಸ್ತರ ಬಾಯಿಯಿಂದ ಬರಬೇಕಿತ್ತು. ಅದೂ ಬರಲಿಲ್ಲ. ಆ ಗಳಿಗೆಯಲ್ಲಿ ಅವರ ಬಾಯಿ ತುಂಬ ಊಟವಿತ್ತು. ಅದನ್ನು ನುಂಗುವಷ್ಟರಲ್ಲಿ ನೀರುಗಂಟಿ ಅವರನ್ನು ನೋಡುತ್ತಿದ್ದ ನೋಟ ಹೇಗಿತ್ತೆಂದರೆ, ಇಪ್ಪತ್ತೆರಡು ವರ್ಷದಲ್ಲಿ ಆ ಕಚೇರಿಯ ಯಾರೂ ಅವರನ್ನು ಹಾಗೆ ನೋಡಿರಲಿಲ್ಲ. ಅದನ್ನು ಇನ್ನರ್ಧ ನಿಮಿಷ ಅನುಭವಿಸೋಣ ಎಂದು ಗುಮಾಸ್ತರು ಮತ್ತೊಂದು ತುತ್ತು ಬಾಯಿಗಿಟ್ಟುಕೊಂಡರು.

ಸಂಜೆ ನಾಲ್ಕಕ್ಕೆ ಇಂಜಿನಿಯರ್ ಸಾಹೇಬರಿಂದ ಕರೆ ಬಂತು.

ಸಾಹೇಬರ ಮೇಜಿನ ಮೇಲೆ ದೂರುಗಳ ಕಂತೆ ಇತ್ತು. ಆರು ದಿನಗಳಿಂದ ಪೂರ್ವದ ಹನ್ನೊಂದು ಬೀದಿಗಳಿಗೆ ನೀರಿಲ್ಲ. ಕಂತೆಯ ಪ್ರತಿಯೊಂದು ಹಾಳೆಯ ಮೇಲೂ ಗುಮಾಸ್ತರದೇ ಮುದ್ದಾದ ಅಕ್ಷರ. ಅದನ್ನು ನೋಡಿ ಅವರಿಗೆ ತಮ್ಮ ವಿರುದ್ಧ ತಾವೇ ಸಾಕ್ಷಿ ಬರೆದುಕೊಟ್ಟ ಹಾಗಾಯಿತು.

"ಇಂಥ ವಿದ್ಯೆ ಇಟ್ಟುಕೊಂಡು ಮೂಲೇಲಿ ಕೂತಿದ್ದೀರಲ್ರೀ! ಎಷ್ಟು ವರ್ಷದಿಂದ ಹೊಡೀತಿದ್ದೀರಿ?" ಎಂದರು ಸಾಹೇಬರು.

"ಮೂರು ತಿಂಗಳಿಂದ ಸರ್. ಆದ್ರೆ ಅದು..."

"ಮೂರೇ ತಿಂಗಳಿಗೆ ಹಾರೋ ಹಕ್ಕೀನಾ! ನಮ್ಮ ಮಾವನವರು ಮೂವತ್ತು ವರ್ಷದಿಂದ ಏರ್‌ಗನ್ ಇಟ್ಕೊಂಡಿದ್ದಾರೆ, ಇನ್ನೂ ಒಂದು ಡಬ್ಬಕ್ಕೂ ಏಟು ಬಿದ್ದಿಲ್ಲ. ಅದನ್ನ ತರಿಸ್ತೀನಿ. ನೋಡಿ ಗುಮಾಸ್ತರೇ, ಹದ್ದನ್ನ ಹೊಡೀರಿ ಅಂತ ನಾನು ಹೇಳ್ತಿಲ್ಲ. ಬರವಣಿಗೇಲಂತೂ ಹೇಳಲ್ಲ. ಗುರುವಾರ ಬೆಳಿಗ್ಗೆ ನಾನು ತಲೆ ಎತ್ತಿ ನೋಡಿದಾಗ ಅದು ಅಲ್ಲಿರಬಾರದು, ಅಷ್ಟೇ."

"ಸರ್, ಒಂದು ಮಾತು. ನಾನು ಹೊಡೆದಿದ್ದು..."

"ಎಷ್ಟು ದೂರದಿಂದ?"

ಗುಮಾಸ್ತರಿಗೆ ಎಂಥದೇ ಪ್ರಶ್ನೆಗೂ ಸರಿಯಾದ ಉತ್ತರ ಕೊಡುವ ಕೆಟ್ಟ ಚಾಳಿಯಿತ್ತು. "ಇನ್ನೂರು ಗಜ ಸರ್," ಎಂದುಬಿಟ್ಟರು.

ಸಾಹೇಬರು ಎದ್ದು ನಿಂತು ಕೈ ಕುಲುಕಿದರು. ಕುಲುಕಿದ ಕೈಯನ್ನು ಹಿಂದಕ್ಕೆ ಪಡೆದು ನಿಜ ಹೇಳುವುದು ಎಷ್ಟು ಕಷ್ಟವೆಂದು, ಮೇಲಧಿಕಾರಿಗೆ ಕೈ ಕೊಟ್ಟವರಿಗೆ ಮಾತ್ರ ಗೊತ್ತು.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿ, ಬಾಯಲ್ಲಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟಳು.

"ನಾಳೆ ಹೋಗಿ ಹೇಳಿಬಿಡಿ. ಅದು ಆಟ ಸರ್, ನನಗೆ ಬಂದೂಕಿನ ಹಿಂದು ಮುಂದು ಗೊತ್ತಿಲ್ಲ ಅಂತ."

"ಹೇಳ್ತೀನಿ."

ಮಂಗಳವಾರ ಹೇಳಲು ಹೋದರು. ಬಾಗಿಲಲ್ಲಿ ಜವಾನ ಸೆಲ್ಯೂಟ್ ಹೊಡೆದ. ಬುಧವಾರ ಹೋದರು. ಸಾಹೇಬರು ಯಾರಿಗೋ ಫೋನಿನಲ್ಲಿ "ನಮ್ಮಲ್ಲೊಬ್ಬರಿದ್ದಾರೆ, ಇನ್ನೂರು ಗಜ ಅಂದ್ರೆ ನಂಬ್ತೀರಾ?" ಎನ್ನುತ್ತಿದ್ದರು. ಆ ಎರಡು ದಿನ ದೂರು ಕೊಡಲು ಬಂದವರು ಸಹ ದನಿ ತಗ್ಗಿಸಿ ಮಾತಾಡಿದರು. ಒಬ್ಬಾಕೆಯಂತೂ "ನಿಮಗೆ ತೊಂದರೆ ಕೊಡೋಲ್ಲ ಸರ್, ನೀರು ನಿಧಾನಕ್ಕೆ ಬರಲಿ" ಎಂದು ಹೇಳಿ ಹಿಂದೆ ಹಿಂದೆ ಸರಿದು ಹೋದಳು.

ಗುರುವಾರ ಬಂತು. ದೊಡ್ಡ ಟ್ಯಾಂಕಿನ ಬುಡದಲ್ಲಿ ಹನ್ನೊಂದು ಬೀದಿಗಳ ಜನ ಖಾಲಿ ಕೊಡಗಳನ್ನು ತಂದು ಸೇರಿದ್ದರು. ಟ್ಯಾಂಕು ಆರು ಕಂಬಗಳ ಮೇಲೆ ಅರವತ್ತು ಅಡಿ ಎತ್ತರದಲ್ಲಿ ಕೂತಿತ್ತು. ಒಂದು ಪಕ್ಕದಲ್ಲಿ ಕಬ್ಬಿಣದ ಏಣಿ, ಅದರ ಪಕ್ಕದಲ್ಲೇ ನೆಲದಿಂದ ನೆತ್ತಿಯವರೆಗೆ ನೀರೇರಿಸುವ ಹಳೆಯ ಪ್ಲಾಸ್ಟಿಕ್ ಪೈಪು. ಹದ್ದು ಹೋದ ಕೂಡಲೇ ನೀರುಗಂಟಿ ಮೇಲೆ ಹತ್ತಿ ಉಂಡೆ ಬಿಡಿಸುವುದು, ತಕ್ಷಣ ನೀರು ನುಗ್ಗುವುದು ಎಂದು ಲೆಕ್ಕ ಹಾಕಿ ಸಾಹೇಬರು ಮೊದಲೇ ಪಂಪು ಹಾಕಿಸಿದ್ದರು. ಮೇಲೆ ದಾರಿಯಿಲ್ಲದೆ ನೀರು ಪೈಪಿನೊಳಗೇ ಬಿಗಿದುಕೊಂಡು ಗುಂಯ್‌ಗುಟ್ಟುತ್ತಿತ್ತು.

ಸಾಹೇಬರ ಮಾವನವರ ಏರ್‌ಗನ್ ಗುಮಾಸ್ತರ ಕೈಗೆ ಬಂತು. ಅದು ಇಷ್ಟು ಭಾರ ಇರುತ್ತದೆಂದು ಮೀಸೆಯ ತರಬೇತುದಾರ ಹೇಳಿರಲಿಲ್ಲ.

"ವೇಗ ಎಷ್ಟು, ದೂರ ಎಷ್ಟು ನೋಡ್ಕೊಂಡು ತ್ರೈರಾಶಿ ಹಾಕಿ!" ಎಂದು ಟೀಚರಮ್ಮ ಜನರ ನಡುವಿನಿಂದ ಕೂಗಿದರು. ಈಗ ಅವರ ಬಕೆಟ್ಟೂ ಖಾಲಿ.

ಅಷ್ಟರಲ್ಲಿ ಹದ್ದು ಬಂತು. ಬಂದದ್ದು ಯಾರಿಗೂ ಕಾಣಲಿಲ್ಲ. ಬೆಳಗಿನ ಸೂರ್ಯನ ನಡುಮಧ್ಯದಿಂದ ಕರಿ ಚುಕ್ಕೆಯಂತೆ ಇಳಿದು, ಏಣಿಯ ಹತ್ತಿರ ಬೆನ್ನು ಮಾಡಿ ನಿಂತಿದ್ದ ನೀರುಗಂಟಿಯ ಐದನೆಯ ಟೋಪಿಯನ್ನು ಎಗರಿಸಿಕೊಂಡು ಮೇಲೇರಿದಾಗಲೇ ಜನ "ಹೋ!" ಎಂದರು.

ಗುಮಾಸ್ತರು ಬಾಯಿ ತೆರೆದು ನಿಂತರು. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು, ಹಿಂದುಗಡೆಯಿಂದ, ನೆತ್ತಿಗೆ ಕೊಕ್ಕು ತಾಗುವಷ್ಟು ಹತ್ತಿರ ಬಂದು, ಒಂದೇ ಏಟು. ತಾವು ಕ್ರಮಸಂಖ್ಯೆ ಹಾಕಿ ಬರೆದುಕೊಂಡದ್ದೆಲ್ಲ ಅದಕ್ಕೆ ಹುಟ್ಟಿನಿಂದಲೇ ಬಂದಿತ್ತು. ಹದ್ದು ಟೋಪಿಯೊಂದಿಗೆ ಗೂಡಿನ ಮೇಲೆ ಇಳಿಯಿತು. ಆಗ ಮೇಲಿನಿಂದ ಸಣ್ಣದಾಗಿ ಕೀಂಯ್ ಕೀಂಯ್ ಎಂದು ಎರಡು ದನಿ ಕೇಳಿಸಿತು.

"ಸರ್, ಮರಿಗಳಿವೆ," ಎಂದರು ಗುಮಾಸ್ತರು.

"ನನ್ನ ತಲೆ ಮೇಲೆ ಹನ್ನೊಂದು ಬೀದಿ ಇದೆ ಕಣ್ರೀ. ಹೊಡೀರಿ!"

ಹದ್ದು ಮತ್ತೆ ಎದ್ದು ಟ್ಯಾಂಕನ್ನು ಸುತ್ತತೊಡಗಿತು. ಗುಮಾಸ್ತರು ಬಂದೂಕೆತ್ತಿದರು. ನಿಯಮದ ಪ್ರಕಾರ ಒಂದು ಮೊಳ ಮುಂದಕ್ಕೆ ಗುರಿಯಿಟ್ಟರೆ, ಯಾರಿಗೆ ಗೊತ್ತು, ಜೀವನದಲ್ಲಿ ಎರಡನೆಯ ಸಲ ಏಟು ಬಿದ್ದರೂ ಬಿದ್ದೀತು. ಬೀಳದಂತೆ ಹೊಡೆಯುವುದು ಹೇಗೆ? ಮೂರು ತಿಂಗಳ ಸೋಲಿನ ಅನುಭವವೆಲ್ಲ ಆ ಕ್ಷಣದಲ್ಲಿ ಅವರ ನೆರವಿಗೆ ಬಂತು. ಹದ್ದು ಎಲ್ಲಿದೆಯೋ ಸರಿಯಾಗಿ ಅಲ್ಲಿಗೇ ಗುರಿಯಿಟ್ಟರೆ ಆಯಿತು! ಗುಂಡು ಖಂಡಿತ ಹಿಂದೆ ಹೋಗುತ್ತದೆ. ಅವರು ಹದ್ದಿನ ಎದೆಗೇ ನೇರ ಗುರಿಯಿಟ್ಟು ಕಣ್ಣು ಮುಚ್ಚಿ ಬಂದೂಕಿನ ಕುದುರೆ ಎಳೆದರು.

ಲೆಕ್ಕ ಸರಿಯಾಗಿಯೇ ಇತ್ತು. ಹದ್ದಿಗೆ ಏನೂ ಆಗಲಿಲ್ಲ. ಅದರ ಹಿಂದೆ ನೀರಿನ ಪೈಪಿತ್ತು.

ಬಿಸಿಲಿಗೆ ಹಪ್ಪಳವಾಗಿದ್ದ ಆ ಪೈಪಿನಲ್ಲಿ ಮೊದಲು ಕಡಲೆ ಗಾತ್ರದ ತೂತಾಯಿತು. ಒಳಗೆ ಬಿಗಿದುಕೊಂಡಿದ್ದ ನೀರಿಗೆ ಅಷ್ಟು ಸಾಕಾಗಿತ್ತು. ಚರ್ರೆಂದು ಪೈಪು ಮಾರುದ್ದ ಸೀಳಿತು. ಒಂಬತ್ತು ದಿನದ ನೀರು ಬಿಳಿ ಕೋಲಿನ ಹಾಗೆ ಗಾಳಿಯಲ್ಲಿ ಬಾಗಿ ಬಂದು, ಇಡೀ ಬಯಲನ್ನು ಬಿಟ್ಟು, ಇಂಜಿನಿಯರ್ ಸಾಹೇಬರ ಎದೆಗೆ ಬಿತ್ತು. ಸಾಹೇಬರು ಎಡಕ್ಕೆ ಓಡಿದರು. ಗಾಳಿ ಎಡಕ್ಕೆ ಬೀಸಿತು. ಬಲಕ್ಕೆ ಓಡಿದರು. ಗಾಳಿಯೂ ಮನಸ್ಸು ಬದಲಾಯಿಸಿತು.

"ಪಂಪು! ಪಂಪು ನಿಲ್ಸ್ರೋ!" ಎಂದು ಸಾಹೇಬರು ಬೆನ್ನು ತಿರುಗಿಸಿ ಓಡಿದ್ದೇ ತಡ, ಹದ್ದು ಸೂರ್ಯನೊಳಗಿಂದ ಇಳಿದು ಅವರ ನೆತ್ತಿಗೊಂದು ಕೊಟ್ಟು ಹೋಯಿತು.

ಜನ ಮಾತ್ರ ಗುಮಾಸ್ತರಿಗೆ ಜೈಕಾರ ಹಾಕಿದರು. ಇನ್ನೂರು ಗಜದ ಗುರಿಕಾರ ಹದ್ದಿನ ಗೊಡವೆಯೇ ಬೇಡವೆಂದು ನೇರ ಪೈಪಿಗೇ ಹೊಡೆದು ನೀರು ಕೊಟ್ಟನೆಂದು ಅವರು ತಿಳಿದಿದ್ದರು. ಸೀಳಿನ ಕೆಳಗೆ ಕೊಡಗಳ ನೂಕುನುಗ್ಗಲು ಶುರುವಾಯಿತು. ಟೀಚರಮ್ಮ ಮೂರು ಕೊಡ ತುಂಬಿಸಿಕೊಂಡು "ಎಂಥಾ ಲೆಕ್ಕಾಚಾರ!" ಎಂದು ಗುಮಾಸ್ತರ ಬೆನ್ನು ತಟ್ಟಿದರು.

ಪಂಪು ನಿಂತ ಮೇಲೆ ಸಾಹೇಬರು ಬಂದರು. ನೆತ್ತಿಯ ಮೇಲೆ ಕರವಸ್ತ್ರ, ಬೂಟಿನೊಳಗೆ ಪಚಕ್ ಪಚಕ್.

"ನಿಜ ಹೇಳಿ. ಬೇಕೂಂತಲೇ ಹೊಡೆದಿರಾ?"

ಗುಮಾಸ್ತರ ಬಾಯಲ್ಲಿ ಈ ಸಲ ಊಟವಿರಲಿಲ್ಲ. "ಇಲ್ಲ ಸರ್. ನನಗೆ ಗುರಿ ಇಡೋಕೇ ಬರಲ್ಲ. ಭಾನುವಾರ ನಾನು ಹೊಡೆದಿದ್ದು ಕಂಪ್ಯೂಟರ್ ಆಟದಲ್ಲಿ ಸರ್. ವಿಮಾನ. ಅದೂ ಒಂದೇ. ಮೂರು ತಿಂಗಳಲ್ಲಿ ಒಂದೇ ಒಂದು."

ಸಾಹೇಬರು ನೆತ್ತಿಯ ಕರವಸ್ತ್ರ ತೆಗೆದು ಹಿಂಡಿದರು. ಮೂಗಿನ ತುದಿಯಿಂದ ಒಂದು ಹನಿ ಬಿತ್ತು.

"ಆಟದಲ್ಲಿ," ಎಂದರು.

"ಹೌದು ಸರ್."

"ನಾನು ನಮ್ಮ ಮೇಲಧಿಕಾರಿಗಳಿಗೆ ಫೋನ್ ಮಾಡಿ ಹೇಳಿದ್ದೀನಿ ಕಣ್ರೀ. ಇನ್ನೂರು ಗಜ ಅಂತ."

"ಅದು ನಿಜ ಸರ್. ಆಟದಲ್ಲಿ ಇನ್ನೂರು ಗಜವೇ."

ಸಾಹೇಬರ ಮುಖ ಕೆಂಪಾಗಿ, ನೀಲಿಯಾಗಿ, ಮತ್ತೆ ಕೆಂಪಾಯಿತು. ಪೈಪಿಗೆ ಸಂಜೆಯೊಳಗೆ ತೇಪೆ ಹಾಕಿಸುವುದಾಗಿಯೂ, ನಾಳೆ ಬೆಳಿಗ್ಗೆ ಎಂಟು ಗಂಟೆಯೊಳಗೆ ಟ್ಯಾಂಕಿಗೆ ನೀರು ಹತ್ತದಿದ್ದರೆ ಗುಮಾಸ್ತರನ್ನು ಎಲ್ಲಿಗೆ ವರ್ಗ ಮಾಡುತ್ತೇನೆಂದರೆ ಅಲ್ಲಿ ನಲ್ಲಿಯೂ ಇಲ್ಲ, ದೂರು ಕೊಡಲು ಜನರೂ ಇಲ್ಲ ಎಂದೂ ಹೇಳಿ ಪಚಕ್ ಪಚಕ್ ಎಂದು ನಡೆದರು.

ಗುಮಾಸ್ತರು ಕಾಲೆಳೆಯುತ್ತಾ ಮನೆಗೆ ಬಂದು ಹೊಲಿಗೆ ಯಂತ್ರದ ಎದುರು ಕೂತರು. ನೀರುಗಂಟಿಯೂ ಹಿಂದೆಯೇ ಬಂದಿದ್ದ. ಟೋಪಿಗಳೆಲ್ಲ ಮುಗಿದಿದ್ದರಿಂದ ಹೊಸದೊಂದನ್ನು ಹೊಲಿಸಿಕೊಳ್ಳಬೇಕಿತ್ತು.

"ಸಾಯಲಿ ಬಿಡಿ, ವರ್ಗ ಆದ್ರೆ ಆಗಲಿ," ಎಂದಳು ಹೆಂಡತಿ ಅವನ ತಲೆಗೆ ಟೇಪು ಸುತ್ತುತ್ತಾ. "ಆ ಹಕ್ಕೀನ ಹೊಡೆದು ಬಂದಿದ್ರೆ ನಾನೇ ಮನೆ ಒಳಗೆ ಬಿಡ್ತಿರಲಿಲ್ಲ."

"ಅದು ಹಕ್ಕಿಯಲ್ಲ ಕಣೇ, ಮಹಾ ಪೈಲಟ್ಟು," ಎಂದರು ಗುಮಾಸ್ತರು. ಹೇಳುತ್ತಾ ಹೇಳುತ್ತಾ ನೆಟ್ಟಗೆ ಕೂತರು. "ತಾಳು ತಾಳು. ಏನಯ್ಯಾ, ಐದು ಟೋಪೀನೂ ಹಿಂದುಗಡೆಯಿಂದಲೇ ಹೋಯ್ತಾ?"

"ಮುಂದಿನಿಂದ ಬಂದಿದ್ರೆ ನಾನು ಹಿಡ್ಕೊಳ್ತಿರಲಿಲ್ವೇ?"

"ಸಾಹೇಬರಿಗೂ ಬೆನ್ನು ತಿರುಗಿಸಿದ ಮೇಲೇ ಬಿತ್ತು. ಅಷ್ಟು ಜನ ಅದನ್ನೇ ನೋಡ್ತಾ ನಿಂತಿದ್ರಲ್ಲ, ಒಬ್ಬರಿಗೂ ಕುಕ್ಕಲಿಲ್ಲ. ಅದು ನೋಡ್ತಾ ಇರೋರ ಮೇಲೆ ಬೀಳೋದೇ ಇಲ್ಲ! ಹತ್ತೋವಾಗ ಮುಖ ಏಣಿ ಕಡೆ ಇರುತ್ತೆ, ಬೆನ್ನಲ್ಲಿ ಕಣ್ಣಿಲ್ಲ. ಅದೇ ನಮ್ಮ ದೌರ್ಬಲ್ಯ."

ಹೆಂಡತಿ ಗುಂಡಿಗಳ ಡಬ್ಬ ತೆಗೆದಳು. ಅದರಲ್ಲಿ ಕೆದಕಿ, ಚಳಿಗಾಲದ ಕೋಟಿಗೆ ಹಾಕುವ ಎರಡು ದೊಡ್ಡ ಕರಿ ಗುಂಡಿಗಳನ್ನು ಆರಿಸಿದಳು. ಬಿಳಿ ಬಟ್ಟೆಯನ್ನು ದುಂಡಗೆ ಕತ್ತರಿಸಿ, ಹಳದಿ ದಾರದಲ್ಲಿ ಅಂಚು ಕಟ್ಟಿ, ಟೋಪಿಯ ಹಿಂಭಾಗಕ್ಕೆ ಎರಡು ಕಣ್ಣುಗಳನ್ನು ಕೂರಿಸಿದಳು. ಮುಗಿದ ಮೇಲೆ ಟೋಪಿಯನ್ನು ಮೇಜಿನ ಮೇಲಿಟ್ಟರೆ ಅದು ಮೂವರನ್ನೂ ಎಷ್ಟು ಕೆಟ್ಟದಾಗಿ ದುರುಗುಟ್ಟಿತೆಂದರೆ, ನೀರುಗಂಟಿ ಕುರ್ಚಿಯನ್ನು ಪಕ್ಕಕ್ಕೆ ಸರಿಸಿಕೊಂಡ.

"ಚೆನ್ನಾಗಿದೆ. ಆದ್ರೆ ನಾನು ಹತ್ತಲ್ಲ. ಮೊದಲು ನೀವು ಹತ್ತಿ ತೋರಿಸಿ," ಎಂದ ಅವನು.

ಶುಕ್ರವಾರ ಬೆಳಿಗ್ಗೆ ಏಳೂವರೆಗೆ ಕುರ್ಚಿಯ ಮೇಲೆ ನಿಂತು ಬಲ್ಬ್ ಬದಲಾಯಿಸಲೂ ಅಂಜುವ ಗುಮಾಸ್ತರು ಹಿಂದೊಂದು ಮುಖ, ಮುಂದೊಂದು ಮುಖ ಹೊತ್ತು ಕಬ್ಬಿಣದ ಏಣಿಗೆ ಕೈ ಹಾಕಿದರು. ಹಿಂದಿನ ಮುಖದಲ್ಲಿ ಇದ್ದ ಧೈರ್ಯ ಮುಂದಿನದರಲ್ಲಿ ಇರಲಿಲ್ಲ. ಕೆಳಗೆ ನಿನ್ನೆಯ ಜನ ಇವತ್ತೂ ಬಂದಿದ್ದರು. ಸಾಹೇಬರು ಜೀಪಿನೊಳಗೆ ಗಾಜು ಏರಿಸಿಕೊಂಡು ಕೂತಿದ್ದರು.

ಹತ್ತು ಮೆಟ್ಟಿಲು. ಇಪ್ಪತ್ತು. ಬೆನ್ನಿಗೆ ಬಿಸಿಲು ತಾಗುತ್ತಿತ್ತು. ಬಿಸಿಲು ಬೆನ್ನಿಗಿದ್ದರೆ ಶತ್ರು ಎಲ್ಲಿರುತ್ತಾನೆಂದು ಗುಮಾಸ್ತರಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಮೂವತ್ತನೆಯ ಮೆಟ್ಟಿಲಿನಲ್ಲಿ ಜನ "ಬಂತು! ಬಂತು!" ಎಂದು ಕೂಗಿದರು. ಗುಮಾಸ್ತರು ಏಣಿಯನ್ನು ತಬ್ಬಿಕೊಂಡರು. ಹಿಂದೆ ಸುಯ್ಯೆನ್ನುವ ಸದ್ದು ಬೆಳೆಯಿತು, ಇನ್ನೂ ಬೆಳೆಯಿತು, ಕಿವಿಯ ಪಕ್ಕದಲ್ಲೇ ರೆಕ್ಕೆಯ ಗಾಳಿ ಬಡಿಯಿತು. ಟೋಪಿ ತಲೆಯ ಮೇಲೇ ಇತ್ತು.

"ತಿರುಗಿಕೊಂಡ್ತು!" ಎಂದು ನೀರುಗಂಟಿ ಕುಣಿದಾಡಿದ. "ಕಣ್ಣು ನೋಡಿ ಪಕ್ಕಕ್ಕೆ ತಿರುಗಿಕೊಂಡ್ತು!"

ಹದ್ದು ಇನ್ನೆರಡು ಸಲ ಬಂತು. ಎರಡು ಸಲವೂ ಗುಂಡಿಯ ಕಣ್ಣಿಗೆ ಕಣ್ಣು ಕೊಟ್ಟು, ಇದೆಂಥ ಪ್ರಾಣಿಯಪ್ಪಾ, ಹತ್ತುತ್ತಾ ಹತ್ತುತ್ತಾ ನನ್ನನ್ನೇ ನೋಡುತ್ತದಲ್ಲ ಎಂದು ದೂರ ಸರಿದು ಟ್ಯಾಂಕಿನ ಅಂಚಿನಲ್ಲಿ ಕೂತಿತು.

ಗುಮಾಸ್ತರು ನೆತ್ತಿ ತಲುಪಿ ಹೊಟ್ಟೆಯ ಮೇಲೆ ತೆವಳಿಕೊಂಡು ಹೋದರು. ಮೂಲೆಯಲ್ಲಿ ಕಡ್ಡಿ, ತಂತಿ, ಹಗ್ಗದ ಚೂರುಗಳ ದೊಡ್ಡ ಗೂಡು. ಅದರೊಳಗೆ ನೀರುಗಂಟಿಯ ಐದೂ ಟೋಪಿಗಳನ್ನು ಒಂದರ ಮೇಲೊಂದು ಹಾಸಿ ಮೆತ್ತೆ ಮಾಡಲಾಗಿತ್ತು. ಮೆತ್ತೆಯ ಮೇಲೆ ಎರಡು ನವಿರುಗೂದಲಿನ ಮರಿಗಳು, ಅತಿಥಿ ಬಂದರೆಂದು ಕೊಕ್ಕು ತೆರೆದವು.

"ನನ್ನ ಟೋಪಿ ಸಿಕ್ತಾ?" ಎಂದು ಕೆಳಗಿನಿಂದ ಕೂಗು ಬಂತು.

"ಸಿಕ್ತು! ಆದ್ರೆ ಮರಿಗಳು ಮಲಗಿವೆ!"

"ಐದರ ಮೇಲೂನಾ?"

"ಐದರ ಮೇಲೂ! ಬೇಕಾದ್ರೆ ನೀನೇ ಬಂದು ಎಬ್ಬಿಸು!"

ಗುಮಾಸ್ತರು ಮುಚ್ಚಳ ತೆಗೆದು ಸಿಕ್ಕಿಹಾಕಿಕೊಂಡಿದ್ದ ಉಂಡೆಗೆ ಚಪ್ಪಲಿಯಿಂದ ಒಂದು ಏಟು ಹಾಕಿದರು. ಏಟು ಉಂಡೆಯ ಪಕ್ಕಕ್ಕೆ ಬಿತ್ತು. ಎರಡನೆಯದೂ ಪಕ್ಕಕ್ಕೆ ಬಿತ್ತು. ಮೂರನೆಯ ಏಟಿಗೆ ಉಂಡೆ ಕಳಚಿ ಕೆಳಗಿಳಿಯಿತು, ಟ್ಯಾಂಕಿನ ಹೊಟ್ಟೆಯೊಳಗೆ ನೀರು ಭೋರೆಂದು ನುಗ್ಗಿತು. ಕೆಳಗೆ ಜನ ಕೊಡಗಳನ್ನು ಬಡಿದು ಸಂಭ್ರಮಿಸಿದರು. ಸಾಹೇಬರು ಜೀಪಿನ ಗಾಜು ಇಳಿಸಿದರು.

ಆಗ ಗುಮಾಸ್ತರು ಕೆಳಗೆ ನೋಡುವ ತಪ್ಪು ಮಾಡಿದರು. ಅರವತ್ತು ಅಡಿ ಕೆಳಗೆ ಜಗತ್ತು ಗಿರ್ರನೆ ತಿರುಗುತ್ತಿತ್ತು. ಅವರು ಕೂತಲ್ಲೇ ಕೂತರು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಅಗ್ನಿಶಾಮಕದವರನ್ನು ಕರೆಸೋಣ ಎಂದು ಒಬ್ಬರು, ಕಂಬಳಿ ಹಿಡಿಯೋಣ, ಹಾರಲಿ ಎಂದು ಇನ್ನೊಬ್ಬರು. ಟೀಚರಮ್ಮ ಬೀಳುವ ವೇಗವನ್ನು ಲೆಕ್ಕ ಹಾಕಿ, ಕಂಬಳಿ ಬೇಡ ಎಂದು ಸ್ಪಷ್ಟವಾಗಿ ಹೇಳಿದರು.

ಹೆಂಡತಿ ಜನರನ್ನು ಸರಿಸಿಕೊಂಡು ಏಣಿಯ ಬುಡಕ್ಕೆ ಬಂದಳು.

"ರೀ! ನನ್ನ ಮಾತು ಕೇಳಿಸ್ತಿದೆಯಾ?"

"ಕೇಳಿಸ್ತಿದೆ," ಎಂದು ಮೇಲಿನಿಂದ ಕ್ಷೀಣ ದನಿ.

"ಕೆಳಗೆ ನೋಡಬೇಡಿ. ಸುಮ್ಮನೆ ನಾನು ಹೇಳಿದ ಹಾಗೆ ಮಾಡಿ. ಎಡಗಾಲು ಬಿಡಿ. ಇನ್ನೂ ಸ್ವಲ್ಪ. ನಾಲ್ಕು ಬೆರಳು ಬಲಕ್ಕೆ. ಹಾಂ, ಸಿಕ್ತು. ಈಗ ಬಲಗಾಲು."

ಒಂದೊಂದೇ ಮೆಟ್ಟಿಲು, ಹೆಂಡತಿಯ ಅಳತೆಯ ಮೇಲೆ ಗುಮಾಸ್ತರು ಇಳಿದರು. ಹದ್ದು ಅಂಚಿನಲ್ಲಿ ಕೂತು ಕತ್ತು ಓರೆ ಮಾಡಿ ಅಷ್ಟನ್ನೂ ನೋಡಿತು. ಕಾಲು ನೆಲ ಮುಟ್ಟಿದ ಮೇಲೂ ಅವರು ಏಣಿ ಬಿಡಲಿಲ್ಲ. "ಬಂತು ರೀ, ನೆಲ ಬಂತು" ಎಂದು ಅವಳೇ ಬೆರಳುಗಳನ್ನು ಬಿಡಿಸಿದಳು. ನಾಲ್ಕು ಜನರೆದುರು ಗಂಡನ ಕೈ ಹಿಡಿದುಕೊಂಡೇ ಮನೆಗೆ ನಡೆದಳು. ಹಿಂದಿನಿಂದ ಬರುತ್ತಿದ್ದ ಜನರನ್ನು ಟೋಪಿ ದಾರಿಯುದ್ದಕ್ಕೂ ದುರುಗುಟ್ಟಿತು.

ವರ್ಗದ ಮಾತನ್ನು ಸಾಹೇಬರು ಮತ್ತೆ ಎತ್ತಲಿಲ್ಲ. ನೀರುಗಂಟಿ ದಿನವೂ ಕಣ್ಣಿನ ಟೋಪಿ ಹಾಕಿಕೊಂಡು ಹತ್ತಿ ಇಳಿದ. ಒಂದೂವರೆ ತಿಂಗಳಾಗುವಷ್ಟರಲ್ಲಿ ಮರಿಗಳಿಗೆ ರೆಕ್ಕೆ ಬಲಿತು, ಒಂದು ಬೆಳಿಗ್ಗೆ ಅವು ಟ್ಯಾಂಕಿನ ಅಂಚಿಗೆ ಬಂದು ನಿಂತವೆಂಬ ಸುದ್ದಿ ಬಂತು. ಕಚೇರಿಯವರೆಲ್ಲ ಕೆಲಸ ಬಿಟ್ಟು ಓಡಿದರು. ಸಾಹೇಬರು ಜೀಪಿನಲ್ಲಿ ಬಂದು, ಇಳಿದು, ಗುಮಾಸ್ತರ ಪಕ್ಕಕ್ಕೇ ನಿಂತರು.

ದೊಡ್ಡ ಮರಿ ರೆಕ್ಕೆ ಬಿಚ್ಚಿತು.

"ಹೇಳಿ ನೋಡೋಣ ಗುಮಾಸ್ತರೇ, ಎತ್ತ ಹಾರುತ್ತೆ?" ಎಂದರು ಸಾಹೇಬರು ಪಿಸುದನಿಯಲ್ಲಿ.

ಗುಮಾಸ್ತರು ಗಾಳಿ ನೋಡಿದರು. ಬಿಸಿಲು ನೋಡಿದರು. ಮರಿಯ ಕತ್ತು ಯಾವ ಕಡೆ ವಾಲಿದೆಯೆಂದು ನೋಡಿದರು. "ಎಡಕ್ಕೆ ಸರ್. ಅನುಮಾನವೇ ಇಲ್ಲ."

ಎಲ್ಲರೂ ಎಡಕ್ಕೆ ನೋಡಿದರು. ಮರಿ ಎಡಕ್ಕೂ ಹೋಗಲಿಲ್ಲ, ಬಲಕ್ಕೂ ಹೋಗಲಿಲ್ಲ. ಅಂಚಿನಿಂದ ಕಾಲು ಜಾರಿ, ಪಟಪಟ ರೆಕ್ಕೆ ಬಡಿದು, ಛತ್ರಿಯ ಹಾಗೆ ತೇಲಿಕೊಂಡು ನೇರ ಕೆಳಕ್ಕೆ ಬಂದು ಸಾಹೇಬರ ಜೀಪಿನ ಬಾನೆಟ್ಟಿನ ಮೇಲೆ ಧಪ್ಪೆಂದು ಕೂತಿತು. ಕೂತು, ತಾನು ಮಾಡಿದ ಸಾಹಸಕ್ಕೆ ತಾನೇ ಬೆರಗಾಗಿ, ಅವರಿಬ್ಬರನ್ನೂ ನೋಡಿತು. ಮೇಲೆ ತಾಯಿ ಸೂರ್ಯನ ಕಡೆಗೆ ಏರತೊಡಗಿತು.

"ಈಗೇನ್ರೀ ಮಾಡೋದು?" ಎಂದರು ಸಾಹೇಬರು ಕಣ್ಣು ಕದಲಿಸದೆ.

"ಜೀಪಿನ ಕಡೆ ಹೋಗಬೇಡಿ ಸರ್. ಬೆನ್ನಂತೂ ತಿರುಗಿಸಲೇಬೇಡಿ. ನಿಧಾನಕ್ಕೆ, ನಗ್ತಾ ನಗ್ತಾ, ಹಿಂದಕ್ಕೆ ಹೆಜ್ಜೆ ಇಡಿ."

ಅಂದು ಬೆಳಿಗ್ಗೆ ಮುಖ್ಯರಸ್ತೆಯಲ್ಲಿ ಅಂಗಡಿ ಬಾಗಿಲು ತೆಗೆಯುತ್ತಿದ್ದವರಿಗೆ ಒಂದು ದೃಶ್ಯ ಕಾಣಿಸಿತು. ನೀರು ಸರಬರಾಜು ಕಚೇರಿಯ ಇಂಜಿನಿಯರ್ ಸಾಹೇಬರೂ ಅವರ ದೂರು ಗುಮಾಸ್ತರೂ ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡು, ಆಕಾಶವನ್ನೇ ನೋಡಿ ನಗುತ್ತಾ, ಕಚೇರಿಯವರೆಗೂ ಹಿಂದು ಹಿಂದಕ್ಕೇ ನಡೆದುಹೋದರು.